ಹಸಿರು ಉಲ್ಕೆ ಕಂಡಿತು, ಅದರಲ್ಲಿ ತಾಮ್ರವಿತ್ತೇ? ಉಲ್ಕೆಯ ಬಣ್ಣ ಓದುವ ಕ್ರಮ

ಯಾವುದೇ ದೊಡ್ಡ ಉಲ್ಕಾವೃಷ್ಟಿಯ ಮರುದಿನ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ನನಗೆ ಹಸಿರಾಗಿ ಕಂಡಿತು, ತಾಮ್ರ ಇತ್ತಾ?" "ನನಗೆ ಬೆಳ್ಳಗೆ ಕಂಡಿತು, ಪಕ್ಕದಲ್ಲಿದ್ದವರು ನೀಲಿ ಅಂದರು, ಯಾರು ಸರಿ?" "ಕಣ್ಣಿಗೆ ಬಣ್ಣವೇ ಕಾಣಲಿಲ್ಲ, ಫೋಟೋದಲ್ಲಿ ಮಾತ್ರ ಅರ್ಧ ಹಸಿರು ಅರ್ಧ ಕೆಂಪು. ಕ್ಯಾಮೆರಾ ಕೆಟ್ಟಿದೆಯೇ?"

ಕ್ಯಾಮೆರಾ ಕೆಟ್ಟಿಲ್ಲ. ಪಕ್ಕದಲ್ಲಿದ್ದವರೂ ಸುಳ್ಳು ಹೇಳಿಲ್ಲ. ಉಲ್ಕೆಯ ಬಣ್ಣಕ್ಕೆ ನಾಲ್ಕು ಜನ ಪಾಲುದಾರರಿದ್ದಾರೆ: ಉರಿದುಹೋದ ಕಲ್ಲಿನ ಚೂರು, ಅದು ಬಂದ ವೇಗ, ದಾರಿಯಲ್ಲಿ ಸಿಕ್ಕ ಗಾಳಿ, ಕೊನೆಗೆ ನಿಮ್ಮ ಕಣ್ಣು ಅಥವಾ ಕ್ಯಾಮೆರಾ. ಹೆಚ್ಚಿನವರು ಮೊದಲನೆಯವನನ್ನು ಮಾತ್ರ ಕರೆದು ವಿಚಾರಣೆ ಮುಗಿಸಿಬಿಡುತ್ತಾರೆ. "ಹಸಿರು ಅಂದರೆ ತಾಮ್ರ" ಎಂಬ ತೀರ್ಪು ಹುಟ್ಟುವುದು ಹೀಗೆ. ನಾಲ್ವರನ್ನೂ ಸಾಲಾಗಿ ಕೇಳುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಬೇಕಾಗುವುದು

ಕತ್ತಲೆಯ ಆಕಾಶ, ಮಲಗಿ ನೋಡಲು ಜಾಗ, ಕೆಂಪು ಬೆಳಕಿನ ಚಿಕ್ಕ ಟಾರ್ಚ್, ನೋಟ್‌ಬುಕ್ ಅಥವಾ ದನಿ ಮುದ್ರಿಸುವ ಸಾಧನ. ದೂರದರ್ಶಕ, ಬೈನಾಕ್ಯುಲರ್ ಬೇಡ. ಉಲ್ಕೆ ಎಲ್ಲಿ ಬರುತ್ತದೆಂದು ಗೊತ್ತಿಲ್ಲದಿರುವಾಗ ಅಗಲವಾದ ನೋಟವೇ ಲಾಭ. ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೊದಲ ಆರು ಹಂತಗಳಿಗೆ ಅಡ್ಡಿಯಿಲ್ಲ.

ಎರಡು ಪದ ಮೊದಲೇ ತಿಳಿದಿರಲಿ. ಉಲ್ಕೆ ಎಂದರೆ ಆಕಾಶದಲ್ಲಿ ಕಾಣುವ ಬೆಳಕಿನ ಗೆರೆ. ಉಲ್ಕಾಶಿಲೆ ಎಂದರೆ ಉರಿದು ಉಳಿದು ನೆಲ ಮುಟ್ಟಿದ ಕಲ್ಲು. ನೀವು ನೋಡುವ ಸಾಮಾನ್ಯ ಉಲ್ಕೆಗಳ ಹಿಂದಿರುವುದು ಮರಳಿನ ಕಣದಿಂದ ಬಟಾಣಿ ಗಾತ್ರದವರೆಗಿನ ಚೂರುಗಳು. ಅವು ನೆಲ ಮುಟ್ಟುವುದೇ ಇಲ್ಲ.

ಹಂತ 1: ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಸರಿಮಾಡಿಕೊಳ್ಳಿ

ಕಾದ ಕಬ್ಬಿಣದ ಸಲಾಕೆಯ ಹಾಗೆ ಕಲ್ಲು ಕೆಂಪಗೆ ಕಾದು ಹೊಳೆಯುತ್ತದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ನಡೆಯುವುದು ಬೇರೆ. ನೆಲದಿಂದ ಸುಮಾರು 80ರಿಂದ 120 ಕಿಮೀ ಎತ್ತರದಲ್ಲಿ, ಸೆಕೆಂಡಿಗೆ 11ರಿಂದ 72 ಕಿಮೀ ವೇಗದಲ್ಲಿ ಬರುವ ಚೂರಿಗೆ ಗಾಳಿಯ ಅಣುಗಳು ಬಡಿದು ಅದರ ಮೇಲ್ಮೈಯನ್ನೇ ಆವಿಯಾಗಿಸುತ್ತವೆ. ಹೀಗೆ ಕಳಚಿದ ಪರಮಾಣುಗಳು ಸುತ್ತಲಿನ ಗಾಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು ಶಕ್ತಿ ತುಂಬಿಕೊಳ್ಳುತ್ತವೆ. ಆ ಶಕ್ತಿಯನ್ನು ಬಿಟ್ಟುಕೊಡುವಾಗ ಹೊರಡುವುದೇ ನಾವು ನೋಡುವ ಬೆಳಕು. ಚೂರಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಒಂದು ಆವಿಯ ಮೋಡ ಹೊಳೆಯುತ್ತಿರುತ್ತದೆ.

ಪ್ರತಿ ಮೂಲವಸ್ತುವಿನ ಪರಮಾಣುವೂ ತನಗೇ ಮೀಸಲಾದ ಕೆಲವು ಬಣ್ಣಗಳಲ್ಲಿ ಮಾತ್ರ ಬೆಳಕು ಬಿಡುತ್ತದೆ. ಇವುಗಳಿಗೆ ರೋಹಿತ ರೇಖೆಗಳೆಂದು ಹೆಸರು. ರೋಹಿತವೆಂದರೆ ಬೆಳಕನ್ನು ಬಿಡಿಸಿ ಹಾಸಿದ ಬಣ್ಣದ ಪಟ್ಟಿ. ಒಲೆಯ ನೀಲಿ ಜ್ವಾಲೆಗೆ ಚಿಟಿಕೆ ಉಪ್ಪು ಬಿದ್ದರೆ ಹಳದಿ ಚಿಮ್ಮುತ್ತದಲ್ಲ, ಅದು ಸೋಡಿಯಂನ ರೇಖೆ. 589 ನ್ಯಾನೋಮೀಟರಿನ ಅದೇ ಹಳದಿ ಉಲ್ಕೆಯಲ್ಲೂ ಇರುತ್ತದೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬೆಳಕಿನ ಅಲೆಯ ಉದ್ದ ಅಳೆಯುವ ಮಾನ. ಕಣ್ಣಿಗೆ ಕಾಣುವ ಬೆಳಕು ಸುಮಾರು 400ರ ನೇರಳೆಯಿಂದ 700ರ ಕೆಂಪಿನವರೆಗೆ.

ಹಂತ 2: ಕಣ್ಣನ್ನು ಅಣಿಗೊಳಿಸಿ, ಅದರ ಮಿತಿಯನ್ನೂ ಒಪ್ಪಿಕೊಳ್ಳಿ

ಕತ್ತಲಿಗೆ ಕಣ್ಣು ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಕೆಂಪು ಟಾರ್ಚ್ ಇರುವುದು ಅದಕ್ಕೇ.

ಇಲ್ಲೊಂದು ತಮಾಷೆಯಿದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳಿಗೆ, ಅಂದರೆ ಅಕ್ಷಿಪಟದ ದಂಡಕೋಶಗಳಿಗೆ, ಬಣ್ಣವೇ ತಿಳಿಯದು. ಬಣ್ಣ ತಿಳಿಯುವ ಶಂಕುಕೋಶಗಳಿಗೆ ಹೆಚ್ಚು ಬೆಳಕು ಬೇಕು. ಹಾಗಾಗಿ ಮಸುಕಾದ ಉಲ್ಕೆಗಳೆಲ್ಲ ಎಲ್ಲರಿಗೂ ಬೂದುಬಿಳಿ. ಅವುಗಳಲ್ಲಿ ಬಣ್ಣ ಇರುತ್ತದೆ, ನಮಗೆ ಸಿಗುವುದಿಲ್ಲ. ಬಣ್ಣ ಹುಡುಕುವುದಾದರೆ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರಗಳಷ್ಟಾದರೂ ಹೊಳೆಯುವ ಉಲ್ಕೆಗಳಿಗಾಗಿ ಕಾಯಿರಿ. ಶುಕ್ರಗ್ರಹವನ್ನೂ ಮೀರಿಸಿ ಹೊಳೆಯುವವನ್ನು ಬೆಂಕಿಯುಂಡೆಗಳು ಎನ್ನುತ್ತಾರೆ; ಬಣ್ಣದ ಒಳ್ಳೆಯ ವರದಿಗಳು ಬರುವುದು ಹೆಚ್ಚಾಗಿ ಅವುಗಳಿಂದಲೇ.

ಎಚ್ಚರಿಕೆ: ಕಡೆಗಣ್ಣಿನಲ್ಲಿ ಕಂಡ ಉಲ್ಕೆಗೆ ಬಣ್ಣ ಹೇಳಬೇಡಿ. ಶಂಕುಕೋಶಗಳು ದಟ್ಟವಾಗಿರುವುದು ನೋಟದ ನಡುವಿನಲ್ಲಿ, ಅಂಚಿನಲ್ಲಿ ದಂಡಕೋಶಗಳದೇ ರಾಜ್ಯ. ಕೆಂಪು-ಹಸಿರಿನ ವ್ಯತ್ಯಾಸ ಗುರುತಿಸಲು ಕಷ್ಟವಿರುವವರು ಅದನ್ನು ಟಿಪ್ಪಣಿಯಲ್ಲೇ ಬರೆದಿಟ್ಟರೆ ಸಾಕು, ಹೊಳಪು ಮತ್ತು ವೇಗದ ಬಗ್ಗೆ ಅವರ ಮಾತಿಗೆ ಬೆಲೆ ಕಡಿಮೆಯಾಗುವುದಿಲ್ಲ.

ಹಂತ 3: ಕಂಡ ಕೂಡಲೇ ಬರೆಯಿರಿ

ಬಣ್ಣದ ನೆನಪು ಬೇಗ ಬದಲಾಗುತ್ತದೆ. ಪಕ್ಕದವರು "ಎಂಥ ಹಸಿರು!" ಎಂದು ಕೂಗಿದ ಮೇಲೆ ನಿಮ್ಮ ಬಿಳಿಯೂ ನಿಧಾನವಾಗಿ ಹಸಿರಾಗುತ್ತದೆ. ನಾನೂ ಮೊದಮೊದಲು ಬೆಳಿಗ್ಗೆ ಎದ್ದು ಬರೆಯುತ್ತಿದ್ದೆ. ಆ ಹಳೆಯ ಪುಟಗಳ ಬಣ್ಣಗಳನ್ನು ಈಗ ನಾನೇ ನಂಬುವುದಿಲ್ಲ. ಗುಂಪಿನಲ್ಲಿದ್ದರೆ ಒಂದು ನಿಯಮ ಮಾಡಿಕೊಳ್ಳಿ: ಎಲ್ಲರೂ ಬರೆದ ಮೇಲೆಯೇ ಮಾತು.

ಬರೆಯಬೇಕಾದವು: ಸಮಯ, ಬಂದ ದಿಕ್ಕು ಮತ್ತು ಹೋದ ದಿಕ್ಕು, ಎಷ್ಟು ಹೊತ್ತು ಕಂಡಿತು, ಯಾವ ನಕ್ಷತ್ರ ಅಥವಾ ಗ್ರಹದಷ್ಟು ಹೊಳೆಯಿತು, ದಿಗಂತದಿಂದ ಎಷ್ಟು ಮೇಲಿತ್ತು. ಬಣ್ಣವನ್ನು ಮೂರು ಭಾಗ ಮಾಡಿ ಬರೆಯಿರಿ: ಶುರುವಿನಲ್ಲಿ, ನಡುವೆ, ಕೊನೆಯ ಸ್ಫೋಟದಲ್ಲಿ. ಹಿಂದೆ ಬಿಟ್ಟುಹೋದ ಹೊಳಪಿನ ಗೆರೆಯ ಬಣ್ಣ ಬೇರೆಯಿದ್ದರೆ ಅದನ್ನೂ ಬೇರೆಯಾಗಿಯೇ ಬರೆಯಿರಿ. "ಹಸಿರು" ಎಂಬ ಒಂದೇ ಪದಕ್ಕಿಂತ "ಮೊದಲು ಹಸಿರು, ಕೊನೆಗೆ ಬಿಳಿ" ಎಂಬ ಮಾತಿನಲ್ಲಿ ಎಷ್ಟೋ ಹೆಚ್ಚು ವಿಷಯವಿದೆ. ಏಕೆಂದು ಆರನೇ ಹಂತದಲ್ಲಿ ನೋಡೋಣ.

ಹಂತ 4: ಅದು ಉಲ್ಕೆಯೇ ಹೌದೇ?

ಕಕ್ಷೆಯಿಂದ ಮರಳಿ ಬೀಳುವ ರಾಕೆಟ್ ಚೂರುಗಳು, ಹಳೆಯ ಉಪಗ್ರಹಗಳು ಕೂಡ ಬಣ್ಣಬಣ್ಣವಾಗಿ ಉರಿಯುತ್ತವೆ. ಇವು ಮನುಷ್ಯ ಮಾಡಿದ ಲೋಹಗಳಾದ್ದರಿಂದ ಉಲ್ಕೆಯ ಲೆಕ್ಕ ಇವಕ್ಕೆ ಹೊಂದದು. ಗುರುತಿಸುವುದು ಸುಲಭ: ಇವುಗಳ ವೇಗ ಸೆಕೆಂಡಿಗೆ 8 ಕಿಮೀಗಿಂತ ತುಸು ಕಡಿಮೆ, ಉಲ್ಕೆಯದು 11ಕ್ಕಿಂತ ಕಡಿಮೆಯಿರುವುದು ತೀರಾ ಅಪರೂಪ. ಹಾಗಾಗಿ ಅರ್ಧ ಆಕಾಶ ದಾಟಲು ಇವಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಹಿಡಿಯುತ್ತದೆ; ಹಲವು ತುಂಡುಗಳಾಗಿ, ಮೆರವಣಿಗೆ ಹೊರಟಂತೆ ಸಾಗುತ್ತವೆ. ಉಲ್ಕೆ ಸಾಮಾನ್ಯವಾಗಿ ಸೆಕೆಂಡಿನೊಳಗೆ, ಹೆಚ್ಚೆಂದರೆ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಪವಾದ ಇಲ್ಲವೆಂದಲ್ಲ. 1972ರ ಆಗಸ್ಟ್ 10ರಂದು ಉತ್ತರ ಅಮೆರಿಕದ ಮೇಲೆ ಹಾಡಹಗಲೇ ಕಂಡ ಬೆಂಕಿಯುಂಡೆ ವಾಯುಮಂಡಲವನ್ನು ಸವರಿಕೊಂಡು ಹೋಗಿ ಮತ್ತೆ ಬಾಹ್ಯಾಕಾಶಕ್ಕೇ ಹೊರಟುಹೋಯಿತು; ಅದು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಂಡಿತ್ತು.

ಕೆಂಪು, ಹಸಿರು ದೀಪಗಳು ಮಿಟುಕುತ್ತಿದ್ದರೆ ಅದು ವಿಮಾನ. ಮುಂದಿನ ಹಂತ ಬೇಡ.

ಹಂತ 5: ವೇಗ ಅಂದಾಜು ಮಾಡಿ

ಈ ಹಂತವನ್ನು ಹಾರಿಸಿಕೊಂಡು ಹೋಗುವವರೇ ಹೆಚ್ಚು, ಬಣ್ಣದ ಅರ್ಧ ಕಥೆ ಇರುವುದು ಮಾತ್ರ ಇಲ್ಲೇ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 71 ಕಿಮೀ ವೇಗದ ಲಿಯೊನಿಡ್ಸ್ ಎಂಬ ಉಲ್ಕಾವೃಷ್ಟಿಯ ಉಲ್ಕೆಯ ಒಂದು ಗ್ರಾಂನಲ್ಲಿ, 35 ಕಿಮೀ ವೇಗದ ಜೆಮಿನಿಡ್ಸ್ ಎಂಬ ಇನ್ನೊಂದು ವೃಷ್ಟಿಯ ಒಂದು ಗ್ರಾಂಗಿಂತ ಸುಮಾರು ನಾಲ್ಕು ಪಟ್ಟು ಶಕ್ತಿ. ಕಲ್ಲು ಒಂದೇ ಬಗೆಯದಾಗಿದ್ದರೂ ಬಣ್ಣ ಒಂದೇ ಆಗಿರಬೇಕಿಲ್ಲ.

ವೇಗವನ್ನು ಅಳೆಯುವ ಅಗತ್ಯವಿಲ್ಲ, ಗುರುತು ಹಿಡಿದರೆ ಸಾಕು. ನೀವು ಬರೆದ ದಾರಿಯನ್ನು ನಕ್ಷತ್ರ ನಕ್ಷೆಯ ಮೇಲೆ ಹಿಂದಕ್ಕೆ ಎಳೆಯಿರಿ. ಅದು ಆ ರಾತ್ರಿಯ ಉಲ್ಕಾವೃಷ್ಟಿಯ ಮೂಲಬಿಂದುವಿಗೆ, ಅಂದರೆ ಆ ವೃಷ್ಟಿಯ ಉಲ್ಕೆಗಳೆಲ್ಲ ಹೊರಟಂತೆ ತೋರುವ ಆಕಾಶದ ಜಾಗಕ್ಕೆ, ಹೋಗಿ ಮುಟ್ಟಿದರೆ ವೇಗ ಸಿಕ್ಕಿತು. ಕೆಲವು ಮುಖ್ಯವಾದವು:

- ಲಿಯೊನಿಡ್ಸ್: ನವೆಂಬರ್ 17ರ ಸುಮಾರಿಗೆ, ಸಿಂಹ ರಾಶಿಯಿಂದ, ಸೆಕೆಂಡಿಗೆ 71 ಕಿಮೀ
- ಓರಿಯಾನಿಡ್ಸ್: ಅಕ್ಟೋಬರ್ 21ರ ಸುಮಾರಿಗೆ, 66 ಕಿಮೀ, ಇವು ಹ್ಯಾಲಿ ಧೂಮಕೇತುವಿನ ಧೂಳು
- ಪರ್ಸೀಡ್ಸ್: ಆಗಸ್ಟ್ 12ರ ಸುಮಾರಿಗೆ, 59 ಕಿಮೀ
- ಜೆಮಿನಿಡ್ಸ್: ಡಿಸೆಂಬರ್ 14ರ ಸುಮಾರಿಗೆ, ಮಿಥುನ ರಾಶಿಯಿಂದ, 35 ಕಿಮೀ
- ಟಾರಿಡ್ಸ್: ಅಕ್ಟೋಬರ್–ನವೆಂಬರ್, ವೃಷಭ ರಾಶಿಯಿಂದ, 30ಕ್ಕಿಂತ ತುಸು ಕಡಿಮೆ

ಯಾವ ವೃಷ್ಟಿಗೂ ಸೇರದ ಒಂಟಿ ಉಲ್ಕೆಯಾದರೆ ಸಮಯ ನೋಡಿ. ಸಂಜೆ ಕಾಣುವವು ಭೂಮಿಯನ್ನು ಹಿಂದಿನಿಂದ ಅಟ್ಟಿಸಿಕೊಂಡು ಬಂದವು, ಸರಾಸರಿಯಲ್ಲಿ ನಿಧಾನ. ಬೆಳಗಿನ ಜಾವದವು ಎದುರುಬದುರಾಗಿ ಡಿಕ್ಕಿ ಹೊಡೆಯುವಂಥವು, ವೇಗ ಹೆಚ್ಚು.

ಎಚ್ಚರಿಕೆ: ಕಣ್ಣಿಗೆ ನಿಧಾನವಾಗಿ ಕಂಡದ್ದೆಲ್ಲ ನಿಧಾನವಲ್ಲ. ಮೂಲಬಿಂದುವಿನ ಹತ್ತಿರ ಕಾಣುವ ಉಲ್ಕೆ ನಿಮ್ಮ ಕಡೆಗೇ ಬರುತ್ತಿರುವುದರಿಂದ ಗೆರೆ ಚಿಕ್ಕದು, ಚಲನೆ ಮಂದ. ಎದುರಿನಿಂದ ಬರುವ ರೈಲು ದೂರದಲ್ಲಿ ನಿಂತಂತೆಯೇ ಕಾಣುವುದಿಲ್ಲವೇ, ಹಾಗೆ.

ಹಂತ 6: ಈಗ ಬಣ್ಣ ಓದಿ

ಹಸಿರು. ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಕೂರೋಣ. ತಾಮ್ರದ ಲವಣ ಜ್ವಾಲೆಯಲ್ಲಿ ಹಸಿರಾಗಿ ಉರಿಯುವುದು ನಿಜ. ಆದರೆ ಉಲ್ಕೆಯಾಗುವ ಆದಿಮ ಕಲ್ಲಿನ ಹತ್ತು ಲಕ್ಷ ಭಾಗದಲ್ಲಿ ತಾಮ್ರ ಇರುವುದು ನೂರು ಚಿಲ್ಲರೆ ಭಾಗ. ಇಷ್ಟರಿಂದ ಆಕಾಶ ಹಸಿರಾಗದು. ಅದೇ ಕಲ್ಲಿನಲ್ಲಿ ಮೆಗ್ನೀಸಿಯಂ ನೂರಕ್ಕೆ ಹತ್ತರಷ್ಟಿರುತ್ತದೆ. ಅದರ ಮೂರು ಒತ್ತೊತ್ತು ರೇಖೆಗಳು 517–518 ನ್ಯಾನೋಮೀಟರಿನ ಬಳಿ, ಅಚ್ಚ ಹಸಿರಿನಲ್ಲಿ ಬೀಳುತ್ತವೆ. ಪ್ರಕಾಶಮಾನ ಉಲ್ಕೆಯ ನಡುವೆ ಅಥವಾ ಕೊನೆಯ ಸ್ಫೋಟದಲ್ಲಿ ಹಸಿರು, ನೀಲಿಹಸಿರು ಕಂಡರೆ ಮೊದಲ ಶಂಕೆ ಮೆಗ್ನೀಸಿಯಂ ಮೇಲಿರಲಿ. ನಿಕಲ್‌ನ ಹೆಸರೂ ಆಗಾಗ ಕೇಳಿಬರುತ್ತದೆ. ಮೆಗ್ನೀಸಿಯಂ ಮುಂದೆ ಅದರ ಪಾಲು ಚಿಕ್ಕದು.

ಎರಡನೆಯ ಹಸಿರೊಂದಿದೆ, ಅದಕ್ಕೂ ಕಲ್ಲಿಗೂ ಸಂಬಂಧವಿಲ್ಲ. ಲಿಯೊನಿಡ್ಸ್, ಪರ್ಸೀಡ್ಸ್‌ನಂಥ ವೇಗದ ಉಲ್ಕೆಗಳ ದಾರಿಯ ಮೇಲ್ತುದಿ ಹಸಿರಾಗಿರುತ್ತದೆ. ಅದು ನಮ್ಮದೇ ಗಾಳಿಯ ಆಮ್ಲಜನಕ, 557.7 ನ್ಯಾನೋಮೀಟರ್, ಧ್ರುವಪ್ರಭೆಯನ್ನು ಹಸಿರಾಗಿಸುವುದೂ ಇದೇ ರೇಖೆ. ಶಕ್ತಿ ತುಂಬಿಕೊಂಡ ಆಮ್ಲಜನಕದ ಪರಮಾಣು ಈ ಬೆಳಕನ್ನು ಬಿಡಲು ಸರಾಸರಿ ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಪರಮಾಣುಗಳ ಲೋಕದಲ್ಲಿ ಇದೊಂದು ಯುಗ. 100 ಕಿಮೀಗಿಂತ ಮೇಲಿನ ತೆಳು ಗಾಳಿಯಲ್ಲಿ ಅಷ್ಟು ಹೊತ್ತು ಯಾರೂ ಬಂದು ಡಿಕ್ಕಿ ಹೊಡೆಯದೆ ಉಳಿಯುವುದು ಸಾಧ್ಯ. ಕೆಳಗೆ ಗಾಳಿ ದಟ್ಟ. ಬೆಳಕು ಬಿಡುವ ಮೊದಲೇ ಇನ್ನೊಂದು ಅಣು ಬಂದು ಶಕ್ತಿ ಕಸಿದುಕೊಂಡುಬಿಡುತ್ತದೆ. ಆದ್ದರಿಂದಲೇ ಈ ಹಸಿರು ಮೇಲ್ತುದಿಯಲ್ಲಿ ಮಾತ್ರ, ಅದೂ ಉಲ್ಕೆ ಮುಂದೆ ಹೋದ ಮೇಲೆ ಹಿಂದೆ ಉಳಿದ ಬಾಲದಲ್ಲಿ. ಮೂರನೇ ಹಂತದಲ್ಲಿ ಶುರು, ನಡು, ಕೊನೆ ಎಂದು ಬೇರೆಬೇರೆ ಬರೆಯಲು ಹೇಳಿದ್ದು ಇದಕ್ಕಾಗಿ: ಮೇಲಿನ ಹಸಿರು ಗಾಳಿಯದು, ಕೆಳಗಿನ ಹಸಿರು ಕಲ್ಲಿನದು.

ಹಳದಿ, ಕಿತ್ತಳೆ. ಇದು ಸೋಡಿಯಂ. ಕಲ್ಲಿನಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ, ಆದರೂ ಇಷ್ಟೊಂದು ಜೋರು. ಕಾರಣ, ಸೋಡಿಯಂ ಪರಮಾಣುವನ್ನು ಹೊಳೆಯಿಸಲು ಬೇಕಾದ ಶಕ್ತಿ ಮೆಗ್ನೀಸಿಯಂನ ಆ ಹಸಿರಿಗೆ ಬೇಕಾದುದರ ಅರ್ಧಕ್ಕಿಂತ ಕಡಿಮೆ. ನಿಧಾನದ ಉಲ್ಕೆಗಳಲ್ಲಿ ಸೋಡಿಯಂ ಮೇಲುಗೈ ಪಡೆಯುತ್ತದೆ, ವೇಗ ಏರಿದಂತೆ ಮೆಗ್ನೀಸಿಯಂ ಅದನ್ನು ಮೀರಿಸುತ್ತದೆ. ಬೇಗ ಆವಿಯಾಗುವ ವಸ್ತುವಾದ್ದರಿಂದ ದಾರಿಯ ಮೊದಲ ಭಾಗದಲ್ಲೇ ಸೋಡಿಯಂ ಹೊರಬಂದು ಮುಗಿದುಹೋಗುವುದೂ ಉಂಟು.

ಜೆಮಿನಿಡ್ಸ್ ಇಲ್ಲಿ ವಿಚಿತ್ರ. ವೇಗ ನೋಡಿದರೆ ಹಳದಿ ಜೋರಾಗಿರಬೇಕು, ರೋಹಿತ ತೆಗೆದು ನೋಡಿದರೆ ಹಲವು ಜೆಮಿನಿಡ್ಸ್‌ನಲ್ಲಿ ಸೋಡಿಯಂ ತೀರಾ ಕ್ಷೀಣ. ಇವುಗಳ ತಾಯಿ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಅದರ ಕಕ್ಷೆ ಸೂರ್ಯನಿಂದ ಸುಮಾರು ಎರಡು ಕೋಟಿ ಕಿಮೀ ದೂರಕ್ಕೆ, ಬುಧನಿಗಿಂತಲೂ ಒಳಕ್ಕೆ, ಹೋಗಿ ಬರುತ್ತದೆ. ಆ ಕಾವಿನಲ್ಲಿ ಸೋಡಿಯಂ ಮೊದಲೇ ಬೆಂದು ಹಾರಿಹೋಗಿದೆ.

ಕಬ್ಬಿಣಕ್ಕೆ ನೂರಾರು ರೇಖೆಗಳಿವೆ, ನೇರಳೆಯಿಂದ ಹಸಿರು-ಹಳದಿಯವರೆಗೆ ಚೆಲ್ಲಿಕೊಂಡು. ಎಲ್ಲ ಕೂಡಿದಾಗ ಕಣ್ಣಿಗೆ ಹಳದಿ ಬೆರೆತ ಬಿಳಿ. ಕಣ್ಣಿನಿಂದ ಇದನ್ನು ಬೇರೆ ಮಾಡುವುದು ಆಗದ ಮಾತು.

ನೇರಳೆ, ನೀಲಿನೇರಳೆ. ಅಯಾನೀಕೃತ ಕ್ಯಾಲ್ಸಿಯಂ, ಎಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ. 393 ಮತ್ತು 397 ನ್ಯಾನೋಮೀಟರಿನಲ್ಲಿ ಹೊಳೆಯುತ್ತದೆ. ಕಣ್ಣಿನ ಗಡಿಯಂಚಿನ ಬಣ್ಣವಾದ್ದರಿಂದ ತುಂಬ ವೇಗದ, ತುಂಬ ಪ್ರಕಾಶದ ಉಲ್ಕೆಗಳಲ್ಲಿ ಮಾತ್ರ ಅನುಭವಕ್ಕೆ ಬರುತ್ತದೆ.

ಕೆಂಪು. ಮತ್ತೆ ಗಾಳಿಯೇ: ಸಾರಜನಕದ ಅಣುಗಳು ಕೆಂಪಿನಲ್ಲಿ ಅಗಲವಾದ ಪಟ್ಟಿಗಳಾಗಿ ಬೆಳಗುತ್ತವೆ, ಆಮ್ಲಜನಕವೂ ಜೊತೆಗೂಡುತ್ತದೆ. ವೇಗದ ಉಲ್ಕೆಗಳಲ್ಲಿ ಸಿಲಿಕಾನ್‌ನ ಒಂದು ಜೋಡಿ ರೇಖೆಯೂ 635ರ ಬಳಿ ಇದೆ. ಆದರೆ ಕೆಂಪನ್ನು ನಂಬುವ ಮೊದಲು ಉಲ್ಕೆಯ ಎತ್ತರ ನೋಡಿ. ದಿಗಂತದಿಂದ 20 ಡಿಗ್ರಿಗಿಂತ ಕೆಳಗಿದ್ದರೆ ಅದು ತಲೆಯ ಮೇಲಿನ ಉಲ್ಕೆಗಿಂತ ಎರಡೂವರೆ ಪಟ್ಟಿಗಿಂತ ಹೆಚ್ಚು ದೂರದಲ್ಲಿರುತ್ತದೆ, ಅದರ ಬೆಳಕು ದಪ್ಪ ಗಾಳಿಯನ್ನು ಹಾದು ನೀಲಿಯನ್ನು ಕಳೆದುಕೊಂಡು ಬಂದಿರುತ್ತದೆ. ಮುಳುಗುವ ಸೂರ್ಯ ಕೆಂಪಾಗುವ ಹಾಗೆಯೇ.

ಬಿಳಿ. ಎರಡು ತೀರಾ ಭಿನ್ನ ಕಾರಣಗಳು. ಮಸುಕಾಗಿದ್ದರೆ ಕಣ್ಣಿಗೆ ಬಣ್ಣ ಸಿಕ್ಕಿಲ್ಲ. ಕಣ್ಣು ಕೋರೈಸುವಂತಿದ್ದರೆ ರೇಖೆಗಳ ಜೊತೆಗೆ ಎಲ್ಲ ಬಣ್ಣದ ಬೆಳಕೂ ಸೇರಿ ಮೂಲ ಬಣ್ಣ ಮುಳುಗಿಹೋಗಿದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸ್ಫೋಟಿಸಿದ ಸುಮಾರು 20 ಮೀಟರಿನ ಕಾಯ ಕ್ಷಣಕಾಲ ಸೂರ್ಯನನ್ನೂ ಮೀರಿಸಿತ್ತು. ಅಂಥ ಬೆಳಕಿನಲ್ಲಿ ಮೂಲವಸ್ತು ಹುಡುಕಿ ಫಲವಿಲ್ಲ.

ಹಂತ 7: ಫೋಟೋವನ್ನು ಸಾಕ್ಷಿಯಾಗಿಸುವುದು

ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅಗಲ ನೋಟದ ಲೆನ್ಸ್ ಹಾಕಿ. ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಿಂಡಿ, ಪೂರ್ತಿ ತೆರೆದಿರಲಿ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬ ಅಂಕಿ, 1600ರಿಂದ 6400; ಒಂದೊಂದು ಚಿತ್ರಕ್ಕೆ 10ರಿಂದ 20 ಸೆಕೆಂಡ್. ಕಚ್ಚಾ (RAW) ಫೈಲ್ ಆಗಿಯೇ ಉಳಿಸಿ. ಬಿಳಿ ಸಮತೋಲ, ಅಂದರೆ ಯಾವುದನ್ನು ಬಿಳಿ ಎಂದು ಕ್ಯಾಮೆರಾ ಎಣಿಸಬೇಕೆಂಬ ಆಯ್ಕೆ, ಹಗಲು ಬೆಳಕಿಗೆ ಕಟ್ಟಿಟ್ಟಿರಲಿ. ಅದನ್ನು ಆಟೋದಲ್ಲಿ ಬಿಟ್ಟು ಆಮೇಲೆ ಬಣ್ಣದ ಬಗ್ಗೆ ವಾದ ಮಾಡುವವರಿಗೆ ನಾನು ಉತ್ತರ ಬರೆಯುವುದನ್ನೇ ಬಿಟ್ಟಿದ್ದೇನೆ.

ಕಣ್ಣಿಗೂ ಫೋಟೋಗೂ ಏಕೆ ಹೊಂದುವುದಿಲ್ಲ? ಕ್ಯಾಮೆರಾ ಇಡೀ ದಾರಿಯ ಬೆಳಕನ್ನು, ಹಿಂದೆ ಉಳಿದ ಆಮ್ಲಜನಕದ ಹಸಿರು ಬಾಲವನ್ನೂ ಸೇರಿಸಿ, ಒಂದೇ ಚಿತ್ರದಲ್ಲಿ ಕೂಡಿಡುತ್ತದೆ. ಕಣ್ಣು ಓಡುವ ತಲೆಯನ್ನಷ್ಟೇ ಹಿಂಬಾಲಿಸುತ್ತದೆ. ಮಂದ ಬೆಳಕಿನಲ್ಲೂ ಕ್ಯಾಮೆರಾಕ್ಕೆ ಬಣ್ಣ ತಿಳಿಯುತ್ತದೆ, ಕಣ್ಣಿಗೆ ತಿಳಿಯದು. ಹಾಗೆಂದು ಕ್ಯಾಮೆರಾ ಎಲ್ಲವನ್ನೂ ನೋಡುವುದೂ ಇಲ್ಲ: ಅದರೊಳಗಿನ ಶೋಧಕ ಗಾಜು ಕ್ಯಾಲ್ಸಿಯಂನ ನೇರಳೆಯನ್ನು ಬಹುಪಾಲು ತಡೆಯುತ್ತದೆ, 777 ನ್ಯಾನೋಮೀಟರಿನಲ್ಲಿರುವ ಆಮ್ಲಜನಕದ ಬಲವಾದ ಅವಕೆಂಪು ರೇಖೆಯನ್ನೂ ಹಾಗೆಯೇ.

ಎಚ್ಚರಿಕೆ ಎರಡು. ಗೆರೆಯ ನಡುಭಾಗ ಬಿಳಿಯಾಗಿ ಸುಟ್ಟಂತಿದ್ದರೆ ಅದು ಅತಿ ಬೆಳಕಿನ ಫಲ, ಬಣ್ಣವನ್ನು ಗೆರೆಯ ಅಂಚುಗಳಲ್ಲಿ ಹುಡುಕಿ. ಇನ್ನೊಂದು, ಎರಡೂ ತುದಿ ಸಮನಾಗಿ ಸಣ್ಣಗಾಗುವ, ಬಣ್ಣವಿಲ್ಲದ ಗೆರೆ ಹೆಚ್ಚಾಗಿ ಬಿಸಿಲು ಬಿದ್ದು ಮಿಂಚಿದ ಉಪಗ್ರಹ. ಹಿಂದಿನ, ಮುಂದಿನ ಚಿತ್ರಗಳಲ್ಲಿ ಅದೇ ಗೆರೆ ಮುಂದುವರಿದಿದೆಯೇ ನೋಡಿ.

ಹಂತ 8: ಖಚಿತವಾಗಿ ತಿಳಿಯಲೇಬೇಕೆಂದರೆ

ಕಣ್ಣು, ಫೋಟೋ ಎರಡೂ ಊಹೆಯವರೆಗೆ ಮಾತ್ರ ಕರೆದೊಯ್ಯುತ್ತವೆ. ಮೂಲವಸ್ತುವಿನ ಹೆಸರು ಹೇಳಬೇಕೆಂದರೆ ಬೆಳಕನ್ನು ಬಿಡಿಸಬೇಕು. ಉಲ್ಕೆಯ ರೋಹಿತ ಮೊದಲ ಸಲ ಛಾಯಾಚಿತ್ರದಲ್ಲಿ ಸಿಕ್ಕಿದ್ದು 1897ರಲ್ಲಿ, ಪೆರುವಿನ ಅರೆಕೀಪಾದಲ್ಲಿ ಹಾರ್ವರ್ಡ್ ವೀಕ್ಷಣಾಲಯ ನಕ್ಷತ್ರಗಳಿಗಾಗಿ ತೆಗೆಯುತ್ತಿದ್ದ ಫಲಕದಲ್ಲಿ, ಕರೆಯದೇ ಬಂದ ಅತಿಥಿಯಾಗಿ. ಇಂದು ಹವ್ಯಾಸಿಗಳೂ ಇದನ್ನು ಮಾಡುತ್ತಾರೆ. ಬೇಕಾದದ್ದು ವಿವರ್ತನ ಜಾಲಕ: ಒಂದು ಮಿಲಿಮೀಟರಿನಲ್ಲಿ ನೂರಾರು ಸೂಕ್ಷ್ಮ ಗೆರೆಗಳಿದ್ದು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಹಾಳೆ ಅಥವಾ ಗಾಜು. ಮಿಲಿಮೀಟರಿಗೆ 300ರಿಂದ 600 ಗೆರೆಗಳದ್ದು ಸಾಕು.

1. ಜಾಲಕವನ್ನು ಲೆನ್ಸಿನ ಮುಂದೆ ಅಲುಗಾಡದಂತೆ ಕೂರಿಸಿ. ಜಾಲಕದ ಗೆರೆಗಳು ಉಲ್ಕೆ ಓಡುವ ದಿಕ್ಕಿಗೆ ಸಮಾಂತರವಾಗಿರಲಿ. ಆಗ ಬಣ್ಣಗಳು ಉಲ್ಕೆಯ ಗೆರೆಗೆ ಅಡ್ಡಲಾಗಿ ಹರಡುತ್ತವೆ. ಇದಕ್ಕಾಗಿಯೇ ಮೂಲಬಿಂದು ಗೊತ್ತಿರುವ ಉಲ್ಕಾವೃಷ್ಟಿಯ ರಾತ್ರಿಯನ್ನು ಆರಿಸಿಕೊಳ್ಳಬೇಕು.

2. ಸಿಕ್ಕ ಚಿತ್ರದಲ್ಲಿ ಉಲ್ಕೆಯ ಸಹಜ ಗೆರೆಯೊಂದು, ಅದರ ಪಕ್ಕದಲ್ಲಿ ಸಮಾಂತರವಾಗಿ ಬಣ್ಣದ ಗೆರೆಗಳು ಕಾಣುತ್ತವೆ. ಸಹಜ ಗೆರೆಯಿಂದ ಪ್ರತಿ ಬಣ್ಣದ ಗೆರೆಗೆ ಇರುವ ದೂರವನ್ನು ಪಿಕ್ಸೆಲ್‌ಗಳಲ್ಲಿ ಅಳೆಯಿರಿ.

3. ಈ ದೂರ ಹೆಚ್ಚುಕಡಿಮೆ ಅಲೆಯ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ಹಸಿರು ಗೆರೆಯ ದೂರವನ್ನು ಹಳದಿ ಗೆರೆಯ ದೂರದಿಂದ ಭಾಗಿಸಿ. ಉತ್ತರ 0.88ರ ಹತ್ತಿರ ಬಂದರೆ ಹಸಿರು ಮೆಗ್ನೀಸಿಯಂ, ಹಳದಿ ಸೋಡಿಯಂ. 0.95ರ ಹತ್ತಿರ ಬಂದರೆ ಆ ಹಸಿರು ಗಾಳಿಯ ಆಮ್ಲಜನಕದ್ದು. ದಾರಿಯ ಮೇಲ್ತುದಿಯಲ್ಲಿ ಮಾತ್ರ ಇದೆಯೇ ಎಂದೂ ನೋಡಿ.

ಹಲವು ಚಿತ್ರಗಳಲ್ಲಿ ಉಲ್ಕೆಯ ಸಹಜ ಗೆರೆ ಚೌಕಟ್ಟಿನ ಹೊರಗೆ ಬಿದ್ದು ಬಣ್ಣದ ಗೆರೆಗಳಷ್ಟೇ ಒಳಗೆ ಸಿಕ್ಕಿರುತ್ತವೆ. ಅಳೆಯಲು ಆಧಾರವೇ ಇಲ್ಲದಿರುವಾಗ ಈ ಭಾಗಾಕಾರ ನಡೆಯದು. ಅಂಥ ಚಿತ್ರವನ್ನು ಅಳಿಸಬೇಡಿ, ಅದೇ ಲೆನ್ಸ್, ಅದೇ ಜಾಲಕದಲ್ಲಿ ಪೂರ್ತಿ ಸಿಕ್ಕ ಇನ್ನೊಂದು ಉಲ್ಕೆ ಬರುವವರೆಗೆ ಪಕ್ಕಕ್ಕಿಡಿ. ಅದರಲ್ಲಿ ಸೋಡಿಯಂ–ಮೆಗ್ನೀಸಿಯಂ ಗೆರೆಗಳ ನಡುವಣ ಅಂತರ ಗೊತ್ತಾದರೆ ಹಳೆಯದನ್ನೂ ಅದರ ಜೊತೆ ಹೊಂದಿಸಿ ನೋಡಬಹುದು.